ಮಳೆ ಪುಸ್ತಕದ ಷರಾ

ಮಳೆಗಾಲದಲ್ಲಿ ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಕೇಳುವುದು ಆರೋಗ್ಯವನ್ನಲ್ಲ. ‘ನಿಮ್ಮಲ್ಲಿ ಎಷ್ಟಾಯ್ತು?’ ಎಂದು ಕೇಳುತ್ತಾರೆ. ಎಷ್ಟು ಎಂದರೆ ಮಳೆ. ಉತ್ತರ ಇಂಚು, ಸೆಂಟಿನ ಲೆಕ್ಕದಲ್ಲೇ ಬರಬೇಕು, ನೂರು ಸೆಂಟಿಗೆ ಒಂದು ಇಂಚು. ‘ಒಂದು ಇಂಚು ಇಪ್ಪತ್ತು ಸೆಂಟು’ ಎಂದು ಹೇಳುವವನ ಮುಖದಲ್ಲಿ ಆ ಮಳೆಯನ್ನು ತಾನೇ ಸುರಿಸಿದೆನೋ ಎನ್ನುವ ಗತ್ತಿರುತ್ತದೆ. ದೇಶವೆಲ್ಲ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾಯಿತು. ಕೊಡಗಿನ ಕಾಫಿ ತೋಟಗಳಲ್ಲಿ ಮಾತ್ರ ಮಳೆ ಇನ್ನೂ ಇಂಚಿನಲ್ಲೇ ಬೀಳುತ್ತಿದೆ.

ನನ್ನ ಅಪ್ಪ ನೆಲ್ಯಹುದಿಕೇರಿ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಕೆಲಸಕ್ಕೆ ಬಂದವರ ಹಾಜರಿ ಹಿಡಿದು, ಯಾರು ತೋಟದ ಯಾವ ಕಡೆಗೆ ಹೋಗಬೇಕೆಂದು ಹಂಚಿ, ಸಂಜೆ ಎಲ್ಲವನ್ನೂ ಪುಸ್ತಕಕ್ಕೆ ಏರಿಸುವುದು ರೈಟರ ಕೆಲಸ. ಬೆಳಿಗ್ಗೆ ಎಂಟಕ್ಕೆ ರೈನ್ ಗೇಜಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಓದುವುದೂ ಅವರದ್ದೇ. ಎಸ್ಟೇಟಿನ ರಿಜಿಸ್ಟರಿಗೆ ಬರೆದ ಮೇಲೆ ಅದನ್ನೇ ಮನೆಯಲ್ಲಿ ಒಂದು ಉದ್ದನೆಯ ಪುಸ್ತಕಕ್ಕೂ ಬರೆದಿಡುವ ಚಟ ಅವರಿಗಿತ್ತು. ತಾರೀಖು, ಇಂಚು, ಸೆಂಟು, ಕೊನೆಯಲ್ಲಿ ಷರಾ. ಆ ಷರಾ ಕಾಲಮ್ಮಿನಲ್ಲಿ ಏನೆಲ್ಲ ಇರುತ್ತಿತ್ತು! ‘ಹೂಮಳೆ ತಡ.’ ‘ಹೊಳೆ ತುಂಬಿದೆ, ಬಸ್ಸಿಲ್ಲ.’ ನಾನು ಹುಟ್ಟಿದ ದಿನ ಮೂರು ಸೆಂಟು ಮಳೆ, ಅದರ ಎದುರಿಗೆ ‘ಹೆಣ್ಣು. ಕ್ಷೇಮ.’ ಅಷ್ಟೇ. ನನ್ನ ಬಗ್ಗೆ ಅಪ್ಪ ಬರೆದ ಒಂದೇ ಒಂದು ವಾಕ್ಯ ಅದು, ಅದಕ್ಕೂ ಕ್ರಿಯಾಪದವಿಲ್ಲ. ಮಿಕ್ಕಂತೆ ಷರಾದಲ್ಲಿ ಹೆಚ್ಚು ಜಾಗ ಹಿಡಿದಿದ್ದು ಆನೆಗಳು. ‘ಆನೆ ಐದು, ಮರಿ ಒಂದು. ತೋಡಿನ ದಾರಿ. ಹಲಸು.’

ಅಪ್ಪ ನಿವೃತ್ತರಾದಾಗ ಆ ಪುಸ್ತಕಗಳು ನಮ್ಮ ಜೊತೆ ಬಂದವು. ಎಸ್ಟೇಟಿನ ಅಂಚಿನಲ್ಲೇ ಸ್ವಲ್ಪ ಜಾಗ ಮಾಡಿ ಮನೆ ಕಟ್ಟಿಕೊಂಡೆವು. ಅಪ್ಪ ಹೋದ ಮೇಲೆ ಮಳೆ ಅಳೆಯುವ ಕೆಲಸ ನನಗೆ ಬಿತ್ತು. ನಾನು ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಬೆಳಿಗ್ಗೆ ಬಸ್ಸು ಬೇಗ. ಹಾಗಾಗಿ ನನ್ನ ಮನೆಯಲ್ಲಿ ಎಂಟು ಗಂಟೆಯ ಮಳೆಯನ್ನು ಆರೂವರೆಗೇ ಅಳೆದುಬಿಡುತ್ತೇನೆ. ಅಪ್ಪನಿಗೆ ಗೊತ್ತಾದರೆ ಅದಕ್ಕೂ ಒಂದು ಷರಾ ಬರೆಯುತ್ತಿದ್ದರು.

ಇಷ್ಟು ಪೀಠಿಕೆ ಹಾಕುತ್ತಿರುವುದು ಮುಂದಿನದ್ದನ್ನು ಹೇಳಲು ಹಿಂಜರಿಕೆಯಾಗಿ. ನನಗೊಬ್ಬಳು ಗೆಳತಿ ಇದ್ದಳು. ಅವಳು ದಿನಾ ಬೆಳಿಗ್ಗೆ ಕೆಲಸಕ್ಕೆ ಯಾವ ದಾರಿಯಲ್ಲಿ ನಡೆದು ಹೋಗಬೇಕು ಎಂಬುದನ್ನು ನಾನು ಈ ಪುಸ್ತಕ ನೋಡಿ ತೀರ್ಮಾನಿಸಿದೆ. ಅವಳು ನನ್ನ ಮಾತು ಕೇಳಿದಳು. ಅವಳೀಗ ಇಲ್ಲ.

ಅವಳು ಲೈನಿನವಳು. ತೋಟದ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಮನೆಗಳಿಗೆ ನಾವು ಲೈನು ಎನ್ನುತ್ತೇವೆ. ಅವಳ ಅಪ್ಪ ತಮಿಳು ಸೀಮೆಯಿಂದ ಬಂದವರು. ನಾಲ್ಕನೇ ಕ್ಲಾಸಿನವರೆಗೆ ನಾವಿಬ್ಬರೂ ಒಂದೇ ಶಾಲೆಗೆ, ಒಂದೇ ಪ್ಲಾಸ್ಟಿಕ್ ಕೊಪ್ಪೆಯ ಅಡಿಯಲ್ಲಿ ನೆನೆಯುತ್ತಾ ಹೋದವರು. ಐದನೆಯದಕ್ಕೆ ನಾನು ಹೋದೆ, ಅವಳು ತೋಟಕ್ಕೆ ಹೋದಳು. ನನಗಿಂತ ಕೆಲವು ತಿಂಗಳಿಗೆ ಚಿಕ್ಕವಳಾದ್ದರಿಂದ ನನ್ನನ್ನು ಅಕ್ಕ ಎನ್ನುತ್ತಿದ್ದಳು. ತಮಿಳು, ಮಲಯಾಳ, ಕನ್ನಡ, ನಮ್ಮ ಮನೆಯ ಅರೆಭಾಷೆ, ಎಲ್ಲವೂ ಅವಳ ಬಾಯಲ್ಲಿ ಒಂದೇ ಪಾತ್ರೆಯಲ್ಲಿ ಬೆಂದು ಬರುತ್ತಿದ್ದವು. ಕೆಲಸ ಬಿಟ್ಟು ಹೋಗುವಾಗ ದಿನಾ ಸಂಜೆ ನಮ್ಮ ಅಡುಗೆಮನೆಯ ಹಿಂದಿನ ಮೆಟ್ಟಿಲಲ್ಲಿ ಕೂತು ಬೆಲ್ಲದ ಕರಿಕಾಫಿ ಕುಡಿಯುವುದು ಅವಳ ರೂಢಿ. ನನಗೆ ಮದುವೆಯಾಗಲಿಲ್ಲ, ಅವಳ ಗಂಡ ಬೇಗ ಹೋದ. ಆ ಮೆಟ್ಟಿಲ ಮೇಲೆ ನಾವು ಊರಿನವರನ್ನೆಲ್ಲ ಎಳೆದು ತಂದು ಕೂರಿಸಿ ನಕ್ಕಿದ್ದೇವೆ. ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರನ್ನೂ ನಾನು ಅಷ್ಟು ಹಚ್ಚಿಕೊಂಡಿರಲಿಲ್ಲ.

ಲೈನಿನವರಿಗೆ ರೈಟರ ಪುಸ್ತಕ ಎಂದರೆ ಏನೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಅವಳ ಅಪ್ಪ ಒಂದು ದಿನ ಹಾಜರಿಗೆ ಸ್ವಲ್ಪ ತಡವಾಗಿ ಬಂದಾಗ ನನ್ನ ಅಪ್ಪ ಅರ್ಧ ದಿನ ಎಂದು ಬರೆದರು. ಅವಳ ಅಪ್ಪ ಇಡೀ ದಿನ ಕೆಲಸ ಮಾಡಿದರು, ಆದರೆ ಅದು ಅರ್ಧ ದಿನವೇ ಆಗಿತ್ತು. ಯಾರೂ ವಾದಿಸಲಿಲ್ಲ. ಕಣ್ಣಾರೆ ಕಂಡದ್ದು ಸುಳ್ಳಾಗಬಹುದು, ರೈಟರು ಬರೆದದ್ದು ಸುಳ್ಳಾಗುವುದಿಲ್ಲ ಎಂಬುದು ಅಲ್ಲಿಯ ಮಕ್ಕಳು ಅಕ್ಷರಕ್ಕೆ ಮುಂಚೆ ಕಲಿಯುವ ಪಾಠ. ನಾನು ಆ ಕಡೆ ಹುಟ್ಟದೆ ಈ ಕಡೆ ಹುಟ್ಟಿದ್ದರಿಂದ ನನಗೆ ಆ ಪಾಠದ ಭಾರ ಗೊತ್ತಿರಲಿಲ್ಲ.

ಕಾಲೇಜಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೇಳುವ ಪ್ರಶ್ನೆಯೊಂದಿದೆ. ‘ಮಿಸ್, ಇದನ್ನೆಲ್ಲ ಓದಿ ಏನು ಪ್ರಯೋಜನ?’ ಇದಕ್ಕೆ ನನ್ನ ಹತ್ತಿರ ತಯಾರಾದ ಉತ್ತರವಿತ್ತು. ಹಿಂದಿನವರು ಎಡವಿದ ಕಲ್ಲು ಎಲ್ಲಿದೆ ಎಂದು ಗೊತ್ತಿದ್ದರೆ ನೀವು ಎಡವುವುದಿಲ್ಲ ಎನ್ನುತ್ತಿದ್ದೆ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎನ್ನುವ ಹಾಗೆ ಮೂವತ್ತು ವರ್ಷ ಅದನ್ನೇ ಹಾಡಿದ್ದೆ. ಗೆಳತಿ ಹೋದ ಆ ವರ್ಷ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, ನಾಳೆ ಆನೆ ಎಲ್ಲಿ ಬರುತ್ತದೆ ಎಂದು ನಿಮ್ಮ ಇತಿಹಾಸ ಹೇಳುತ್ತದಾ ಎಂದಳು. ಕ್ಲಾಸೆಲ್ಲ ನಕ್ಕಿತು. ನಗುವುದಕ್ಕೆ ಕಾರಣವಿತ್ತು. ಅವರಲ್ಲಿ ಅರ್ಧ ಜನ ಆನೆ ದಾಟುವವರೆಗೆ ಜೀಪು ನಿಲ್ಲಿಸಿಕೊಂಡು ಕಾದು, ಮೊದಲ ಪೀರಿಯಡ್ಡಿಗೆ ತಡವಾಗಿ ಬರುವ ಮಕ್ಕಳು. ಆದರೆ ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೇಳುತ್ತದೆ, ನಾಳೆ ತೋರಿಸುತ್ತೇನೆ ಎಂದೆ.

ಮರುದಿನ ಅಪ್ಪನ ಪುಸ್ತಕಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಎರಡು ವಾರ ಮಕ್ಕಳೂ ನಾನೂ ಕೂತು ಮೂವತ್ತೊಂದು ವರ್ಷದ ಷರಾಗಳಿಂದ ಆನೆಗಳನ್ನು ಹೆಕ್ಕಿದೆವು. ಒಂದು ಚಾರ್ಟು ತಯಾರಾಯಿತು. ಲೈನಿನಿಂದ ತೋಟದ ಆ ತುದಿಗೆ ಎರಡು ದಾರಿ. ಒಂದು ತೋಡಿನ, ಅಂದರೆ ಸಣ್ಣ ಹಳ್ಳದ, ಪಕ್ಕದ ಕಾಲುದಾರಿ, ಹತ್ತಿರದ್ದು, ಎರಡೂ ಬದಿಗೆ ಹಲಸಿನ ಮರ. ಇನ್ನೊಂದು ಸುತ್ತಿ ಬರುವ ಟಾರು ರಸ್ತೆ. ಹಲಸು ಹಣ್ಣಾಗುವ ಕಾಲಕ್ಕೆ ಆನೆಗಳು ತೋಡಿನಲ್ಲೇ ಇಳಿಯುತ್ತಿದ್ದವು, ಪ್ರತಿ ವರ್ಷವೂ, ಬಹುತೇಕ ಅದೇ ವಾರದಲ್ಲಿ. ಎರಡು ವರ್ಷ ಮಾತ್ರ ಲೆಕ್ಕ ತಪ್ಪಿತ್ತು. ಆ ಎರಡು ವರ್ಷಗಳನ್ನು ಹಾಕಿದರೆ ಚಾರ್ಟಿನ ಚಂದ ಕೆಡುತ್ತಿತ್ತು. ಏನು ಮಾಡೋಣ ಎಂದು ಮಕ್ಕಳು ಕೇಳಿದಾಗ, ಅಪವಾದಗಳನ್ನು ಬಿಡಿ, ಮುಖ್ಯ ಪ್ರವೃತ್ತಿ ನೋಡಿ ಎಂದೆ. ಪ್ರವೃತ್ತಿ! ಎಂಥ ಶಬ್ದ. ಚಾರ್ಟು ಕಾರಿಡಾರಿನಲ್ಲಿ ತೂಗಿತು, ನೋಡಿದವರೆಲ್ಲ ಹೊಗಳಿದರು. ಪುಸ್ತಕದ ಬದನೆಕಾಯಿ ಎನ್ನುತ್ತಿದ್ದರಲ್ಲ, ಈಗ ಸಾರಿಗೆ ಹಾಕಿ ತೋರಿಸಿದೆ ಎಂದು ನಾನು ಬೀಗಿದೆ.

ಕಕ್ಕಡ ತಿಂಗಳಿಗೆ, ಅಂದರೆ ಜುಲೈ ನಡುವಿಗೆ, ಇನ್ನೂ ಕೆಲವು ವಾರ ಇತ್ತು. ಹಲಸು ಬಲಿತು ವಾಸನೆ ಬರುತ್ತಿತ್ತು. ನಮ್ಮ ಕಡೆ ಆನೆ ಬೀಡುಬಿಟ್ಟಿದೆ, ಜನ ಎಚ್ಚರಿಕೆಯಿಂದಿರಬೇಕು ಎಂದು ಫೋನಿನ ಗುಂಪಿನಲ್ಲಿ ಸಂದೇಶ ಬಂದಿತ್ತು. ಆ ಸಂಜೆ ಅವಳು ಮೆಟ್ಟಿಲಿಗೆ ಬಂದು ಕೂತಾಗ ನಾನೇ ಮಾತು ತೆಗೆದೆ. ನೀನು ತೋಡಿನ ದಾರಿಯಲ್ಲೇ ಹೋಗುತ್ತೀಯಲ್ಲ, ಬಿಡು, ಇವತ್ತಿಗೆ ಸಾಕು, ನಾಳೆಯಿಂದ ರಸ್ತೆಯಲ್ಲಿ ಸುತ್ತಿಕೊಂಡು ಹೋಗು ಎಂದೆ. ಅವಳು ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು.

‘ಈಗ ಅವು ರಸ್ತೇಲೇ ಬರ್ತವೆ ಅಕ್ಕ,’ ಎಂದಳು. ‘ಆ ಕಡೆ ತೋಟದವರು ತೋಡಿಗೆ ಅಡ್ಡ ಕರೆಂಟಿನ ಬೇಲಿ ಎಳೆದಿದ್ದಾರಲ್ಲ. ತಿರುವಿನ ಹತ್ತಿರ ಲದ್ದಿ ಉಂಟು. ಹಸಿ.’

ಅವಳು ಹೇಳಿದ್ದು ಇಷ್ಟೇ. ಬೇಲಿ ಹಾಕಿದ್ದು ನನಗೂ ಗೊತ್ತಿತ್ತು, ಬಸ್ಸಿನಿಂದ ನೋಡಿದ್ದೆ. ಆದರೆ ನನ್ನ ತಲೆಯಲ್ಲಿ ಚಾರ್ಟು ತೂಗುತ್ತಿತ್ತು. ನಾನು ಒಳಗೆ ಹೋಗಿ ಪುಸ್ತಕ ತಂದೆ. ಪುಟ ತಿರುಗಿಸಿ ತಿರುಗಿಸಿ ತೋರಿಸಿದೆ. ನೋಡು, ಅಪ್ಪ ಬರೆದಿದ್ದಾರೆ, ತೋಡು, ತೋಡು, ತೋಡು. ನಾಲ್ಕನೇ ಕ್ಲಾಸು ಓದಿದವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿಕೊಂಡಳು. ಆಮೇಲೆ ನಾನು ಒಂದು ಮಾತು ಆಡಿದೆ. ಕ್ಲಾಸಿನಲ್ಲಿ ಆಡಿ ರೂಢಿಯಾದ, ಕೇಳಲು ಚಂದವಾಗಿರುವ ಮಾತು.

‘ಲದ್ದಿ ಒಂದು ದಿನದ್ದು. ಪುಸ್ತಕ ಮೂವತ್ತೊಂದು ವರ್ಷದ್ದು.’

ಅವಳು ನಕ್ಕಳು. ನನ್ನ ಜಾಣತನಕ್ಕೆ ಯಾವಾಗಲೂ ನಗುವ ನಗು ಅದು. ‘ರೈಟರಪ್ಪ ಬರೆದಿದ್ದಾರೆ ಅಂದ ಮೇಲೆ ಸರಿ,’ ಎಂದಳು. ಲೋಟ ತೊಳೆದು ಕವುಚಿಟ್ಟು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಆಡಿದ ಮೇಲೂ ಹೋಗಲಿಲ್ಲ. ಅದು ಈಗಲೂ ನನ್ನ ಕಿವಿಯಲ್ಲಿದೆ, ನನ್ನದೇ ದನಿಯಲ್ಲಿ.

ಮೂರನೇ ದಿನ ಬೆಳಿಗ್ಗೆ ನಾನು ಎರಡನೇ ಪೀರಿಯಡ್ಡಿನಲ್ಲಿದ್ದೆ. ಬೋರ್ಡಿನ ಮೇಲೆ ‘ಕಾರಣಗಳು’ ಎಂದು ಬರೆದು ಅಡಿಗೆರೆ ಎಳೆದಿದ್ದೆ. ಆಫೀಸಿನವರು ಬಾಗಿಲಿಗೆ ಬಂದು ಫೋನು ಎಂದರು. ನಮ್ಮ ಪಕ್ಕದ ಮನೆಯವರು. ರಸ್ತೆಯ ತಿರುವಿನಲ್ಲಿ ಒಂಟಿ ಸಲಗ ನಿಂತಿತ್ತಂತೆ, ಮಂಜು ಬಿದ್ದಿದ್ದರಿಂದ ಹತ್ತಿರ ಹೋಗುವವರೆಗೆ ಕಾಣಲಿಲ್ಲವಂತೆ. ಹಿಂದೆ ಬರುತ್ತಿದ್ದ ಇಬ್ಬರು ಹೆಂಗಸರು ಓಡಿ ತೋಟದೊಳಗೆ ನುಗ್ಗಿ ಉಳಿದುಕೊಂಡರು. ಇವಳು ಮುಂದಿದ್ದಳು. ಮುಂದಿದ್ದು ಯಾಕೆಂದರೆ ದಾರಿ ಉದ್ದವಾಗಿ ಹಾಜರಿಗೆ ತಡವಾಗುತ್ತದೆಂದು ಬೇಗಬೇಗ ನಡೆಯುತ್ತಿದ್ದಳು.

ನಾನು ಹೋಗುವಷ್ಟರಲ್ಲಿ ಅವಳನ್ನು ಅಲ್ಲಿಂದ ತೆಗೆದಿದ್ದರು. ಜನ ರಸ್ತೆಗೆ ಅಡ್ಡ ಕೂತಿದ್ದರು, ಅಧಿಕಾರಿಗಳು ಬಂದಿದ್ದರು, ಎರಡೂ ಕಡೆ ಬಸ್ಸುಗಳು ಸಾಲಾಗಿ ನಿಂತಿದ್ದವು. ಟಾರಿನ ಮೇಲೆ ಯಾರೋ ಕಾಫಿ ರೆಂಬೆ ಮುರಿದು ಹಾಕಿ ಆ ಜಾಗ ಮುಚ್ಚಿದ್ದರು. ಅವಳು ತಲೆಗೆ ಕಟ್ಟುತ್ತಿದ್ದ ಟವೆಲು ಚರಂಡಿಯ ಅಂಚಿನಲ್ಲಿತ್ತು. ನಾನದನ್ನು ಎತ್ತಿಕೊಂಡೆ. ಒದ್ದೆಯಾಗಿತ್ತು, ಹೊಗೆಯ ವಾಸನೆ ಬರುತ್ತಿತ್ತು, ಅವಳ ಒಲೆಯ ಹೊಗೆ. ಕೂಗಿ ಅಳಬೇಕೆನಿಸಿತು. ಅಳಲಿಲ್ಲ. ನನ್ನನ್ನು ನೋಡಿ ಜನ ಟೀಚರಿಗೆ ಎಷ್ಟು ಗಟ್ಟಿ ಮನಸ್ಸು ಎಂದುಕೊಂಡಿರಬೇಕು. ಗಟ್ಟಿ ಮನಸ್ಸಲ್ಲ, ಹೆದರಿಕೆ. ಬಾಯಿ ತೆರೆದರೆ ಎಲ್ಲಿ ಆ ಮಾತು ಹೊರಗೆ ಬೀಳುತ್ತದೋ ಎಂದು.

ಮರುದಿನ ಆರೂವರೆಗೆ ಎದ್ದು ಮಳೆ ಅಳೆದೆ. ಎಂಬತ್ತು ಸೆಂಟು. ಕೈ ತನ್ನ ಪಾಡಿಗೆ ಅದನ್ನು ಹಿಂದಿನ ದಿನದ ತಾರೀಖಿಗೆ ಬರೆಯಿತು. ಷರಾ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಖಾಲಿ ಬಿಟ್ಟೆ. ಗೆಳತಿ ಸತ್ತ ಮರುದಿನವೂ ಮಳೆ ಅಳೆಯುವ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ದಿನಗಳಲ್ಲಿ ಲೈನಿನಲ್ಲಿ ಎಲ್ಲರೂ ಕೇಳುತ್ತಿದ್ದುದು ಒಂದೇ. ಯಾವತ್ತೂ ತೋಡಿನಲ್ಲಿ ಹೋಗುವವಳು ಯಾಕೆ ರಸ್ತೆಯಲ್ಲಿ ಹೋದಳು? ವಿಧಿ ಎಳೆಯಿತು ಎಂದು ಒಬ್ಬರು, ಹೊತ್ತು ಸರಿಯಿರಲಿಲ್ಲ ಎಂದು ಇನ್ನೊಬ್ಬರು. ನಾನು ಅಲ್ಲೇ ನಿಂತು ಕೇಳಿಸಿಕೊಂಡೆ. ವಿಧಿ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಕಾಲೇಜಿನಲ್ಲಿ ನನ್ನ ಮುಖ ನೋಡಿದವರು, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಸಮಾಧಾನ ಮಾಡಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮಿಂಚಿ ಹೋದ ಕಾರ್ಯವನ್ನು ಚಿಂತಿಸುವುದಕ್ಕೇ ಅಲ್ಲವೇ ನನ್ನನ್ನು ನೇಮಿಸಿಕೊಂಡಿದ್ದು? ಫಲವಿಲ್ಲವೆಂದಾದರೆ ಮೂವತ್ತು ವರ್ಷ ನಾನು ಮಾಡಿದ್ದಾದರೂ ಏನು? ಒಂದು ಸಂಜೆ ಎಲ್ಲರೂ ಹೋದ ಮೇಲೆ ಕಾರಿಡಾರಿನ ಚಾರ್ಟನ್ನು ಕಿತ್ತು ಮಡಚಿ ಚೀಲದಲ್ಲಿ ಹಾಕಿಕೊಂಡು ಬಂದೆ. ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ.

ರಜೆಯಲ್ಲಿ ಪುಸ್ತಕಗಳನ್ನು ಮೊದಲಿನಿಂದ ಓದಿದೆ. ಹೆಕ್ಕಲಿಲ್ಲ, ಓದಿದೆ. ಒಂದೊಂದು ದಿನವನ್ನೂ. ನಾವು ಬಿಟ್ಟ ಆ ಎರಡು ವರ್ಷಗಳಿಗೆ ಬಂದೆ. ಮೊದಲನೆಯದರ ಎದುರಿಗೆ ಅಪ್ಪನ ಸಣ್ಣ ಅಕ್ಷರದಲ್ಲಿ ಹೀಗಿತ್ತು: ‘ಆಚೆ ತೋಟದವರು ತೋಡಿನ ಬಾಯಿಗೆ ಕಂದಕ ತೆಗೆಸಿದ್ದಾರೆ. ಆನೆ ಈ ಸಲ ರಸ್ತೆಯಲ್ಲಿ.’ ಎರಡನೆಯ ವರ್ಷದ್ದು: ‘ಕಂದಕ ಇನ್ನೂ ಮುಚ್ಚಿಲ್ಲ. ರಸ್ತೆ.’ ಅದರ ಮುಂದಿನ ಮಳೆಗಾಲಕ್ಕೆ: ‘ಕಂದಕ ಕುಸಿದು ಮುಚ್ಚಿತು. ತೋಡು.’

ಪುಸ್ತಕ ಸುಳ್ಳು ಹೇಳಿರಲಿಲ್ಲ. ಅವಳು ಕಾಫಿ ಲೋಟ ಹಿಡಿದುಕೊಂಡು ಹೇಳಿದ್ದೂ ಇದೇ. ದಾರಿ ಮುಚ್ಚಿದರೆ ಆನೆ ರಸ್ತೆಗೆ ಬರುತ್ತದೆ. ಅಪ್ಪ ಬರೆದದ್ದೂ ಅವಳು ಕಂಡದ್ದೂ ಒಂದೇ ಮಾತಾಗಿತ್ತು, ನಡುವೆ ಕೂತು ನಾನೊಬ್ಬಳು ತಪ್ಪು ಓದಿದೆ. ಕಾರಣ ಬರೆದಿದ್ದ ಎರಡೇ ಎರಡು ಕಡೆಗಳನ್ನು ಅಪವಾದ ಎಂದು ಅಳಿಸಿಬಿಟ್ಟೆ. ಹತ್ತು ಅಂಕದ ಪ್ರಶ್ನೆಗೆ ಕಾರಣಗಳನ್ನು ಬಿಟ್ಟು ಬರೆದ ಮಕ್ಕಳಿಗೆ ನಾನು ಎರಡು ಅಂಕ ಕೊಡುತ್ತಿದ್ದೆ, ಅದೂ ಕೈ ಬಿಗಿ ಹಿಡಿದು.

ಇನ್ನೊಂದು ನೆನಪಾಯಿತು. ಅದು ಯಾವ ಪುಸ್ತಕದಲ್ಲೂ ಇಲ್ಲ. ಚಿಕ್ಕವಳಿದ್ದಾಗ ಬೆಳಿಗ್ಗೆ ಅಪ್ಪನ ಜೊತೆ ಹಾಜರಿಯ ಜಾಗಕ್ಕೆ ಹೋಗುತ್ತಿದ್ದೆ. ಹೆಂಗಸರೆಲ್ಲ ಬಂದು ಚಳಿಯಲ್ಲಿ ಕೈ ಉಜ್ಜುತ್ತಾ ನಿಂತಿರುತ್ತಿದ್ದರು. ಆದರೆ ಹಲಸಿನ ಕಾಲದಲ್ಲಿ ಅಪ್ಪ ಪುಸ್ತಕ ತೆರೆಯುತ್ತಿರಲಿಲ್ಲ. ತೋಟದಲ್ಲಿ ಆನೆ ಕಾವಲಿಗೆಂದು ವಯಸ್ಸಾದ ಒಬ್ಬರಿದ್ದರು, ಬರಿಗಾಲಲ್ಲಿ ಓಡಾಡುವವರು. ಅವರು ಎರಡೂ ದಾರಿ ನಡೆದು, ನೋಡಿ, ವಾಪಸು ಬಂದು ಹೇಳುವವರೆಗೆ ಯಾರೂ ಕದಲುವಂತಿರಲಿಲ್ಲ. ಒಂದು ದಿನ ಕಾದು ಬೇಸರವಾಗಿ, ನಿಮ್ಮ ಪುಸ್ತಕದಲ್ಲೇ ಇದೆಯಲ್ಲ ಅಪ್ಪ, ಆನೆ ಎಲ್ಲಿ ಬರುತ್ತದೆಂದು ಅದನ್ನೇ ನೋಡಿ ಹೇಳಬಾರದೇ ಎಂದು ಕೇಳಿದೆ.

‘ಗೊತ್ತಿಲ್ಲೆ ಗೂಡೆ,’ ಎಂದರು ಅಪ್ಪ. ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. ಮೂವತ್ತೊಂದು ವರ್ಷ ಬರೆದ ಮನುಷ್ಯ ಗೊತ್ತಿಲ್ಲ ಎನ್ನುತ್ತಿದ್ದರು, ಅದನ್ನು ಓದಿದ ಮಗಳು ಗೊತ್ತಿದೆ ಎಂದಳು. ಆ ಕಾವಲಿನವರು ಸತ್ತ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಈಗ ಫೋನಿಗೆ ಸಂದೇಶ ಬರುತ್ತದೆ. ಹಾಜರಿಗೆ ಮುಂಚೆ ಕಾಯುವ ಪದ್ಧತಿಯೇ ಇತ್ತು ಎನ್ನುವುದು ಹೊಸ ರೈಟರಿಗೂ ತಿಳಿದಿರಲಾರದು. ಅಪ್ಪ ಅದನ್ನು ಬರೆದಿಡಲಿಲ್ಲ, ದಿನಾ ಮಾಡುವುದನ್ನು ಯಾರು ಬರೆಯುತ್ತಾರೆ?

ಅವಳಿಗೆ ಒಬ್ಬಳೇ ಮಗಳು. ಸಿದ್ದಾಪುರದಲ್ಲಿ ಟೈಲರಿಂಗ್ ಅಂಗಡಿಯೊಂದರಲ್ಲಿ ಹೊಲಿಯುತ್ತಾಳೆ. ತಾಯಿ ನನ್ನನ್ನು ಅಕ್ಕ ಎನ್ನುತ್ತಿದ್ದರಿಂದ ಅವಳಿಗೆ ನಾನು ದೊಡ್ಡಮ್ಮ. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಅವಳು ಬಂದು ಅದೇ ಮೆಟ್ಟಿಲಲ್ಲಿ ಕೂತಳು. ನಾನು ಬೆಲ್ಲದ ಕಾಫಿ ಕೊಟ್ಟೆ. ಆಮೇಲೆ ದಿನಾ ಬರತೊಡಗಿದಳು. ಕಡಿಮೆ ಮಾತಿನ ಹುಡುಗಿ. ಕುಡಿದು, ಲೋಟ ತೊಳೆದು, ತಾಯಿ ಕವುಚಿಡುತ್ತಿದ್ದ ಜಾಗದಲ್ಲೇ ಕವುಚಿಟ್ಟು ಹೋಗುತ್ತಿದ್ದಳು. ಪ್ರತಿ ಸಂಜೆ ಹೇಳಬೇಕೆಂದುಕೊಳ್ಳುತ್ತಿದ್ದೆ, ಪ್ರತಿ ಸಂಜೆ ಬೆಲ್ಲ ಸಾಕಾ, ಬಸ್ಸು ಸಿಕ್ಕಿತಾ ಎಂದು ಕೇಳಿ ಮುಗಿಸುತ್ತಿದ್ದೆ. ಹೇಳಿದರೆ ಅವಳು ನಾಳೆಯಿಂದ ಬರುವುದಿಲ್ಲ ಎಂಬ ಭಯ. ತಾಯಿಯನ್ನು ಕಳೆದುಕೊಂಡದ್ದಲ್ಲದೆ ಮಗಳನ್ನೂ ಕಳೆದುಕೊಳ್ಳಬೇಕಲ್ಲ ಎಂಬ ಸ್ವಾರ್ಥ. ಹೀಗೆ ಐದು ತಿಂಗಳು ಕಳೆಯಿತು. ಮಳೆ ನಿಂತು, ಕಾಫಿ ಹಣ್ಣಾಗಿ, ಪಿಕಿಂಗ್ ಶುರುವಾಗುವ ಹೊತ್ತಿಗೆ ಲೈನಿನಲ್ಲಿ ಆ ಪ್ರಶ್ನೆ ಮರೆತಿದ್ದರು.

ಒಂದು ಸಂಜೆ ಮೆಟ್ಟಿಲ ಪಕ್ಕದ ಕಿಟಕಿಯಲ್ಲಿ ಮಳೆ ಪುಸ್ತಕ ಇತ್ತು. ಅವಳು ಅದನ್ನು ನೋಡಿದಳು.

‘ಇದೇನಾ ದೊಡ್ಡಮ್ಮ ಆ ಪುಸ್ತಕ?’

ಆ ಪುಸ್ತಕ ಎಂದಳು. ನನ್ನ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ಅವಳ ಪಕ್ಕದಲ್ಲಿ, ಮೆಟ್ಟಿಲ ಮೇಲೆ ಕೂತೆ. ಎಲ್ಲವನ್ನೂ ಹೇಳಿದೆ. ಫೋನಿಗೆ ಬಂದ ಸಂದೇಶ, ರಸ್ತೆಯಲ್ಲಿ ಹೋಗು ಎಂದದ್ದು, ಪುಸ್ತಕ ತಂದು ತೋರಿಸಿದ್ದು, ಕೊನೆಗೆ ಲದ್ದಿಯ ಮಾತನ್ನೂ. ಹೇಳುವಾಗ ನನ್ನ ದನಿ ಕ್ಲಾಸಿನ ದನಿಯಂತೆ ಇರಲಿಲ್ಲ, ನನ್ನದೇ ಅಲ್ಲವೇನೋ ಎನ್ನುವ ಹಾಗಿತ್ತು. ಅತ್ತೆ. ಆ ದಿನ ರಸ್ತೆಯಲ್ಲಿ ಅಳದೆ ಉಳಿದದ್ದನ್ನೂ ಸೇರಿಸಿ ಅತ್ತೆ.

ಅವಳು ತೋಟದ ಕಡೆ ನೋಡುತ್ತಿದ್ದಳು.

‘ನಂಗೆ ಗೊತ್ತಿತ್ತು,’ ಎಂದಳು. ‘ರಸ್ತೇಲಿ ಹೋಗ್ಲಿಕ್ಕೆ ಅಕ್ಕ ಹೇಳಿದ್ದಾರೆ, ರೈಟರಪ್ಪನ ಪುಸ್ತಕದಲ್ಲಿ ಉಂಟಂತೆ ಅಂತ ಅಮ್ಮ ನನ್ನ ಹತ್ರ ಹೇಳಿದ್ಲು. ನೀವು ಯಾವಾಗ ಹೇಳ್ತೀರಿ ಅಂತ ನೋಡ್ತಾ ಇದ್ದೆ.’

ಐದು ತಿಂಗಳು ಆ ಹುಡುಗಿ ಎಲ್ಲ ತಿಳಿದೂ ನನ್ನ ಕಾಫಿ ಕುಡಿದಿದ್ದಳು. ಕ್ಷಮಿಸಿದ್ದಾಳೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಅವಳೂ ಹೇಳಲಿಲ್ಲ. ನಾನು ಪುಸ್ತಕ ಎತ್ತಿ, ಆ ದಿನದ ಪುಟ ತೆರೆದೆ. ತಾರೀಖು ಇತ್ತು. ಎಂಬತ್ತು ಸೆಂಟು ಇತ್ತು. ಷರಾ ಖಾಲಿ ಇತ್ತು. ಅವಳ ತಾಯಿಯ ಹೆಸರನ್ನು ಪೂರ್ತಿಯಾಗಿ ಬರೆದೆ. ಅಪ್ಪನ ಮೂವತ್ತೊಂದು ವರ್ಷದ ಷರಾದಲ್ಲಿ ಲೈನಿನ ಒಬ್ಬರ ಹೆಸರೂ ಇರಲಿಲ್ಲ. ಆಮೇಲೆ ಬರೆದೆ: ‘ರಸ್ತೆಯ ತಿರುವಿನಲ್ಲಿ, ಆನೆಯಿಂದ. ರಸ್ತೆಯಲ್ಲಿ ಹೋಗು ಎಂದು ಹೇಳಿದ್ದು ನಾನು.’ ಬರೆದು ಪುಸ್ತಕವನ್ನು ಅವಳ ಕಡೆ ತಿರುಗಿಸಿದೆ.

ಅವಳು ನಿಧಾನವಾಗಿ ಓದಿದಳು. ಬೆರಳಿಡಲಿಲ್ಲ, ಅವಳು ಹತ್ತನೇ ಕ್ಲಾಸು ಓದಿದವಳು. ಓದಿ ಮುಗಿಸಿ ಪುಸ್ತಕವನ್ನು ಮತ್ತೆ ನನ್ನ ಮುಂದಕ್ಕೆ ಸರಿಸಿದಳು.

‘ಅಮ್ಮ ಹೇಳಿದ್ದನ್ನೂ ಬರೀರಿ ದೊಡ್ಡಮ್ಮ.’

ಪೆನ್ನು ಎತ್ತಿಕೊಂಡೆ. ಕಾಲಮ್ಮು ಸಣ್ಣದು, ಜಾಗ ಸಾಲಲಿಲ್ಲ. ಕೆಳಗಿನ ದಿನದ ಖಾಲಿ ಷರಾಕ್ಕೂ, ಅದರ ಕೆಳಗಿನದಕ್ಕೂ ಇಳಿಸಿ ಬರೆದೆ. ತೋಡಿಗೆ ಬೇಲಿ ಬಿದ್ದಿದೆ, ಆನೆ ಈಗ ರಸ್ತೆಯಲ್ಲೇ ಬರುತ್ತದೆ, ತಿರುವಿನಲ್ಲಿ ಹಸಿ ಲದ್ದಿ ನೋಡಿದ್ದೇನೆ ಎಂದು ಅವಳು ಮೂರು ದಿನ ಮೊದಲೇ ಹೇಳಿದ್ದಳು. ನಾನು ಕೇಳಲಿಲ್ಲ.